ಓಬವ್ವನ ಐತಿಹ್ಯವೂ ಎಳೆಯರ ನಿದ್ದೆಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮಲಗುವ ಮಕ್ಕಳಿಗೆ ಹಿರಿಯರು ಹೇಳುತ್ತ ಬಂದಿರುವ ಕಥೆಗಳಲ್ಲಿ ಒನಕೆಯ ಓಬವ್ವನದು ಸುಪ್ರಸಿದ್ಧವಾದುದು. ಹೈದರಾಲಿಯು ದುರ್ಗವನ್ನು ಮುತ್ತಿದ್ದಾಗ, ಕಾವಲಿನ ಮುದ್ದ ಹನುಮನು ಉಣ್ಣುತ್ತಿರಲು, ನೀರಿಗೆ ಹೋದ ಅವನ ಹೆಂಡತಿಯು ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಕೊಂದಳೆಂಬುದು ಐತಿಹ್ಯ. 1779ರಲ್ಲಿ ಕೋಟೆಯು ಹೈದರನ ವಶವಾಯಿತು. ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟನು. ಆದರೂ ಈ ಕಥೆಯು ಹಿಡಿದಿಟ್ಟುದು ಕೋಟೆ ಬಿದ್ದ ದಿನವನ್ನಲ್ಲ, ಉಳಿದ ದಿನವನ್ನು. ಇದರಲ್ಲಿ ಕಾಯುವವಳು ಮನೆಯೊಡತಿ. ಅವಳ ಆಯುಧವು ದಿನವೂ ಧಾನ್ಯ ಕುಟ್ಟುವ ಒನಕೆ. ಅಂತಹ ಒನಕೆ ತನ್ನ ಮನೆಯ ಮೂಲೆಯಲ್ಲಿಯೂ, ಅಂತಹ ತಾಯಿ ತನ್ನ ಮಗ್ಗುಲಲ್ಲಿಯೂ ಇದ್ದುದನ್ನು ಬಲ್ಲ ಮಗುವು ನಿರ್ಭಯವಾಗಿ ನಿದ್ರಿಸಿತು. ಐತಿಹ್ಯವು ತಲೆಮಾರುಗಳನ್ನು ದಾಟಿ ಉಳಿದುದಕ್ಕೆ ಶೌರ್ಯದಷ್ಟೇ ಈ ಅಭಯವೂ ಕಾರಣವೆನ್ನಬೇಕು.