ಚಂದ್ರನ ಮೇಲೆ ಮಾನವ: ಸಂದೇಹಗಳೂ ಸಾಕ್ಷ್ಯಗಳೂ

1969ರ ಜುಲೈ 20ರಂದು ಅಪೊಲೊ-11 ಚಂದ್ರನ ಮೇಲಿಳಿಯಿತು. 1972ರ ವೇಳೆಗೆ ಆರು ಯಾನಗಳಲ್ಲಿ ಹನ್ನೆರಡು ಮಂದಿ ಅಲ್ಲಿ ನಡೆದಾಡಿ, ಸುಮಾರು 382 ಕಿಲೋಗ್ರಾಂ ಕಲ್ಲು-ಮಣ್ಣು ತಂದರು. ಆದರೆ ಇದೆಲ್ಲ ನಾಟಕವೆಂದು 1976ರಲ್ಲಿ ಅಮೆರಿಕದ ಬಿಲ್ ಕೇಸಿಂಗ್ ಪುಸ್ತಕ ಬರೆದರು. 2001ರಲ್ಲಿ ಅಲ್ಲಿನ ಫಾಕ್ಸ್ ಟಿ.ವಿ. ವಾಹಿನಿಯ ಕಾರ್ಯಕ್ರಮವೊಂದು ಅಂಥ ವಾದಗಳಿಗೆ ಮತ್ತಷ್ಟು ಪ್ರಚಾರ ಕೊಟ್ಟಿತು. ನಿಮ್ಮ ತರಗತಿಯಲ್ಲೂ ಈ ಪ್ರಶ್ನೆ ಏಳಬಹುದು. 'ಪಠ್ಯಪುಸ್ತಕದಲ್ಲಿದೆ, ನಂಬು' ಎನ್ನುವುದು ಅದಕ್ಕೆ ಉತ್ತರವಲ್ಲ. ಪರೀಕ್ಷಿಸಿ ತೋರಿಸಬೇಕು.

ಚಿತ್ರಗಳಲ್ಲಿ ನೆರಳುಗಳು ಸಮಾಂತರವಾಗಿಲ್ಲ, ಆದ್ದರಿಂದ ಹಲವು ದೀಪಗಳನ್ನು ಬಳಸಿದ್ದಾರೆ ಎಂಬುದು ಒಂದು ಆಕ್ಷೇಪ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲವಾಗಲಿ, ಕೃಷ್ಣರಾಜನಗರದ ಗದ್ದೆಬದುವಾಗಲಿ, ಬೆಳಗಿನ ಎಳೆಬಿಸಿಲಿನಲ್ಲಿ ಎರಡು ಕೋಲು ನೆಡಿ. ಒಂದರ ನೆರಳು ಮಟ್ಟ ನೆಲದ ಮೇಲೂ ಇನ್ನೊಂದರದು ಇಳಿಜಾರಿನ ಮೇಲೂ ಬೀಳಲಿ. ಪಕ್ಕದಿಂದ ನೋಡಿದರೆ ನೆರಳುಗಳ ದಿಕ್ಕು ಬೇರೆ ಬೇರೆ! ಸೂರ್ಯ ಮಾತ್ರ ಒಬ್ಬನೇ. ಹಲವು ದೀಪಗಳಿದ್ದರೆ ಒಂದೊಂದು ವಸ್ತುವಿಗೂ ಹಲವು ನೆರಳುಗಳಿರಬೇಕಿತ್ತು.

ಆಕಾಶದಲ್ಲಿ ನಕ್ಷತ್ರಗಳೇಕಿಲ್ಲ? ಹೆಗ್ಗಡದೇವನಕೋಟೆಯ ಕಾಡಂಚಿನ ಊರೊಂದರಲ್ಲಿ, ಚುಕ್ಕಿಗಳು ತುಂಬಿದ ರಾತ್ರಿ, ಪ್ರಖರ ದೀಪದಡಿ ನಿಂತವರ ಚಿತ್ರ ತೆಗೆಯಿರಿ. ಮುಖ ಸ್ಪಷ್ಟವಾಗಿ ಮೂಡುವಷ್ಟು ಅಲ್ಪ ಸಮಯದಲ್ಲಿ ಮಂದ ನಕ್ಷತ್ರಗಳು ದಾಖಲಾಗವು. ಅಪೊಲೊ ಯಾತ್ರಿಗಳು ಚಿತ್ರ ತೆಗೆದದ್ದು ಚಂದ್ರನ ಹಗಲಿನಲ್ಲಿ.

ಬಾವುಟ ಅಲುಗಿತಲ್ಲ? ಅದನ್ನು ಬಿಡಿಸಿ ಹಿಡಿಯಲು ಮೇಲ್ಗಡೆ ಅಡ್ಡಕೋಲಿತ್ತು. ಕಂಬವನ್ನು ತಿರುಗಿಸಿ ನೆಡುವಾಗ ಬಟ್ಟೆ ಅಲುಗಿತು. ತಡೆಯಲು ಗಾಳಿಯಿಲ್ಲದ್ದರಿಂದ ಆ ಅಲುಗಾಟ ಬೇಗ ನಿಲ್ಲಲಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಆಕ್ಷೇಪ ತಪ್ಪೆಂದ ಮಾತ್ರಕ್ಕೆ ಘಟನೆ ನಿಜವೆಂದು ಸಿದ್ಧವಾಗದು; ಅದಕ್ಕೆ ಸ್ವತಂತ್ರ ಸಾಕ್ಷ್ಯ ಬೇಕು. ಅಪೊಲೊ 11, 14, 15 ಯಾನಗಳು ಇಟ್ಟು ಬಂದ ಪ್ರತಿಫಲಕಗಳಿಂದ ಲೇಸರ್ ಬೆಳಕು ಇಂದಿಗೂ ಭೂಮಿಗೆ ಮರಳುತ್ತದೆ. 2008ರಲ್ಲಿ ಹೊರಟ ನಮ್ಮ ಚಂದ್ರಯಾನ-1, ಅಪೊಲೊ-15 ಇಳಿದೆಡೆ ಮಣ್ಣು ಕದಡಿದ ಗುರುತನ್ನು ದಾಖಲಿಸಿತು. 2021ರಲ್ಲಿ ಚಂದ್ರಯಾನ-2ರ ಕ್ಯಾಮೆರಾ, ಅಪೊಲೊ-11 ಅಲ್ಲೇ ಬಿಟ್ಟುಬಂದ ನೌಕೆಯ ಕೆಳಭಾಗವನ್ನೇ ಸೆರೆಹಿಡಿಯಿತು. ಈ ನೌಕೆಗಳ ಸಂಕೇತಗಳನ್ನು ಗ್ರಹಿಸುವ 18 ಮತ್ತು 32 ಮೀಟರ್ ವ್ಯಾಸದ ಆಂಟೆನಾಗಳು ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ.

ಸಂದೇಹಪಡುವ ವಿದ್ಯಾರ್ಥಿಯನ್ನು ಗದರಿಸಬೇಡಿ. ಅವನ ಕೈಗೆ ಎರಡು ಕೋಲು ಕೊಟ್ಟು ಬಿಸಿಲಿಗೆ ಕಳಿಸಿ. ಉತ್ತರವನ್ನು ಅವನೇ ಕಂಡುಕೊಳ್ಳಲಿ.