ಪ್ರಶ್ನೆಪತ್ರಿಕೆ ಯಾರ ಸ್ವತ್ತು?

ಅಮೆರಿಕದಲ್ಲಿ ಎಂ.ಎಸ್. ಓದಬೇಕೆಂದು ಹೊರಟ ಎಂಜಿನಿಯರಿಂಗ್ ಪದವೀಧರರ ಮನೆಗಳಲ್ಲಿ ಈಗ ಒಂದು ದೃಶ್ಯ ಸಾಮಾನ್ಯ. ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿರುತ್ತದೆ. ಟಿವಿ ಜೋರಾಗಿ ಹಾಕಕೂಡದು ಎಂದು ಮನೆಮಂದಿಗೆಲ್ಲ ಅಪ್ಪಣೆಯಾಗಿರುತ್ತದೆ. ಒಳಗೆ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಎಣಿಸುತ್ತಿರುತ್ತದೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಭ್ಯಾಸ ನಡೆದಿದೆ. ಹೆಚ್ಚೂಕಡಿಮೆ ಎರಡು ಗಂಟೆ ಕಳೆದು ಕೊನೆಯ ಗುಂಡಿ ಒತ್ತಿದರೆ ಭಾಷೆ ಮತ್ತು ಗಣಿತದ ಅಂಕಗಳು ಕಣ್ಣೆದುರು ಬರುತ್ತವೆ. ಬಾಗಿಲು ತೆರೆದು ಹೊರಬಂದವರ ಮುಖ ನೋಡಿದರೆ ಸಾಕು, ಅಂಕ ಎಷ್ಟೆಂದು ಯಾರೂ ಕೇಳಬೇಕಿಲ್ಲ.

ಈ ಅಭ್ಯಾಸ ಪರೀಕ್ಷೆಯನ್ನು ಕೊಡುವುದು ನಿಜವಾದ ಪರೀಕ್ಷೆ ನಡೆಸುವ ಸಂಸ್ಥೆಯೇ. ಅದರಲ್ಲಿ ಎರಡು ಪರೀಕ್ಷೆಗಳು ಪುಕ್ಕಟೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಹಣ ತೆರಬೇಕು. ಇಷ್ಟು ಸಹಜವಾಗಿ ಕಾಣುವ ಈ ಸೌಕರ್ಯದ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಜಗಳವೊಂದಿದೆ. ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಯಾರದು? ಅದನ್ನು ರೂಪಿಸಿದ ಸಂಸ್ಥೆಯದೇ ಅಥವಾ ಶುಲ್ಕ ಕಟ್ಟಿ, ತಲೆ ಕೆಡಿಸಿಕೊಂಡು ಉತ್ತರ ಬರೆದವನದೇ?

ಜಿಆರ್‌ಇ ಶುರುವಾದದ್ದು 1936ರಲ್ಲಿ, ಒಂದು ಪ್ರಯೋಗವಾಗಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಜತೆ ಸೇರಿ ಕಾರ್ನೆಗಿ ಪ್ರತಿಷ್ಠಾನ ಇದನ್ನು ಆರಂಭಿಸಿತು. ಬೇರೆ ಬೇರೆ ಕಾಲೇಜುಗಳಿಂದ ಬಂದವರ ಪದವಿ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂಬುದು ಅವರ ಮುಂದಿದ್ದ ಸಮಸ್ಯೆ. ಮೊದಲ ಪರೀಕ್ಷೆ 1937ರಲ್ಲಿ ನಡೆಯಿತು. 1948ರಲ್ಲಿ ನ್ಯೂಜೆರ್ಸಿಯ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್, ಕೆಲಸ ಆರಂಭಿಸಿದಾಗ ಈ ಪರೀಕ್ಷೆಯೂ ಅದರ ಕೈಗೆ ಬಂತು. ಇಂಥ ಪರೀಕ್ಷೆಗಳು ವರ್ಷಗಟ್ಟಲೆ ಓದಿ ಬೆಳೆಸಿಕೊಂಡ ಸಾಮರ್ಥ್ಯವನ್ನು ಅಳೆಯುತ್ತವೆ, ನಾಲ್ಕು ವಾರದ ತರಬೇತಿಯಿಂದ ಹೆಚ್ಚೇನೂ ಆಗದು ಎಂಬುದು ಆಗಿನ ಪರೀಕ್ಷಾ ಸಂಸ್ಥೆಗಳ ನಿಲುವಾಗಿತ್ತು. ಪ್ರಶ್ನೆಪತ್ರಿಕೆಗಳನ್ನು ಬೀಗ ಹಾಕಿ ಇಡಲಾಗುತ್ತಿತ್ತು.

ಆ ಬೀಗವನ್ನು ಮೊದಲು ಅಲ್ಲಾಡಿಸಿದವರು ನ್ಯೂಯಾರ್ಕಿನ ಸ್ಟ್ಯಾನ್ಲಿ ಕ್ಯಾಪ್ಲನ್. ಕೊಳಾಯಿ ಕೆಲಸಗಾರನ ಮಗ. ಸರ್ಕಾರಿ ಕಾಲೇಜಿನಲ್ಲಿ ಚೆನ್ನಾಗಿ ಓದಿದ್ದರೂ ವೈದ್ಯಕೀಯ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ತಾವು ಯೆಹೂದಿ ಎಂಬುದೂ, ಓದಿದ್ದು ಸರ್ಕಾರಿ ಕಾಲೇಜಿನಲ್ಲಿ ಎಂಬುದೂ ಅಡ್ಡ ಬಂದವು ಎಂದು ಅವರು ನಂಬಿದ್ದರು. ಎಲ್ಲರಿಗೂ ಒಂದೇ ಪರೀಕ್ಷೆ ಇದ್ದಿದ್ದರೆ ದೊಡ್ಡ ಕಾಲೇಜಿನವರಿಗೆ ಸಮನೆಂದು ತೋರಿಸಬಹುದಿತ್ತು ಎಂಬುದು ಅವರ ಕೊರಗು. ಹಾಗಾಗಿ ಇವರು ಪರೀಕ್ಷೆಗಳ ವಿರೋಧಿಯಲ್ಲ, ಅಭಿಮಾನಿ. 1938ರಲ್ಲಿ ಬ್ರೂಕ್ಲಿನ್‌ನಲ್ಲಿ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಮನೆಪಾಠ ಆರಂಭಿಸಿದರು. 1946ರ ಹೊತ್ತಿಗೆ ಕಾಲೇಜು ಪ್ರವೇಶದ ಎಸ್ಎಟಿ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡತೊಡಗಿದರು.

ಪ್ರಶ್ನೆಪತ್ರಿಕೆಯೇ ಸಿಗದಿದ್ದಾಗ ತಯಾರು ಮಾಡುವುದು ಹೇಗೆ? ಪರೀಕ್ಷೆ ಮುಗಿದ ದಿನ ಕ್ಯಾಪ್ಲನ್ ಹುಡುಗರಿಗೆಲ್ಲ ಊಟದ ಕೂಟ ಏರ್ಪಡಿಸುತ್ತಿದ್ದರು. ತಿನ್ನುತ್ತ ಹುಡುಗರು ಸಹಜವಾಗಿಯೇ 'ಆ ಲೆಕ್ಕಕ್ಕೆ ನಿನಗೆಷ್ಟು ಬಂತು?' ಎಂದು ಮಾತಾಡಿಕೊಳ್ಳುತ್ತಿದ್ದರು. ಮೇಷ್ಟ್ರು ಪಕ್ಕದಲ್ಲೇ ಕುಳಿತು ಬರೆದುಕೊಳ್ಳುತ್ತಿದ್ದರು. ಮುಂದಿನ ತಂಡಕ್ಕೆ ಅದೇ ಮಾದರಿ ಪ್ರಶ್ನೆಪತ್ರಿಕೆ. ನಮ್ಮ ಊರುಗಳಲ್ಲಿ ಪರೀಕ್ಷಾ ಕೇಂದ್ರದ ಗೇಟಿನ ಬಳಿ ಕಾದು ನಿಂತು, ಹೊರಬಂದ ವಿದ್ಯಾರ್ಥಿಯಿಂದ ಪ್ರಶ್ನೆಪತ್ರಿಕೆ ಇಸಿದುಕೊಳ್ಳುವ ಟ್ಯೂಷನ್ ಮೇಷ್ಟ್ರುಗಳನ್ನು ಕಂಡವರಿಗೆ ಇದೇನೂ ಹೊಸದೆನಿಸದು. ವ್ಯತ್ಯಾಸವೆಂದರೆ ಇಲ್ಲಿ ಪತ್ರಿಕೆ ವಿದ್ಯಾರ್ಥಿಯ ಕೈಯಲ್ಲಿರುತ್ತದೆ, ಅಲ್ಲಿ ಬರೀ ನೆನಪಿನಲ್ಲಿತ್ತು.

1979ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡಿತು. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆ ಮತ್ತು ಸರಿಯುತ್ತರಗಳನ್ನು ಬಹಿರಂಗ ಮಾಡಬೇಕು ಎಂಬುದು ಅದರ ಸಾರ. ಪರೀಕ್ಷಾ ಸಂಸ್ಥೆಗಳು ಬಲವಾಗಿ ವಿರೋಧಿಸಿದವು. ಹೊಸ ಪ್ರಶ್ನೆ ರೂಪಿಸುವ ಖರ್ಚು, ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವ ಕಷ್ಟ ಎಂಬ ಕಾರಣಗಳನ್ನು ಮುಂದಿಟ್ಟವು. ಅವು ಸುಳ್ಳು ಕಾರಣಗಳೇನಲ್ಲ. ಆದರೆ ಬಹಿರಂಗ ಮಾಡಿದ್ದರಿಂದ ಏನಾಯಿತೆಂಬುದಕ್ಕೆ ಬೇಗನೆ ಒಂದು ಉದಾಹರಣೆ ಸಿಕ್ಕಿತು.

1980ರ ಅಕ್ಟೋಬರಿನಲ್ಲಿ ಇದೇ ಇಟಿಎಸ್ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ನಡೆಸಿದ ಪಿಎಸ್ಎಟಿ ಪರೀಕ್ಷೆಯಲ್ಲಿ ಎರಡು ಪಿರಮಿಡ್‌ಗಳ ಪ್ರಶ್ನೆಯಿತ್ತು. ಒಂದಕ್ಕೆ ಚೌಕದ ತಳ, ಅದರ ಮೇಲೆ ನಾಲ್ಕು ಸಮಬಾಹು ತ್ರಿಕೋನ, ಒಟ್ಟು ಐದು ಮುಖ. ಇನ್ನೊಂದಕ್ಕೆ ಬರೀ ನಾಲ್ಕು ಸಮಬಾಹು ತ್ರಿಕೋನಗಳೇ ಮುಖ. ತ್ರಿಕೋನಗಳ ಅಳತೆಯೆಲ್ಲ ಒಂದೇ. ಒಂದರ ತ್ರಿಕೋನಕ್ಕೆ ಇನ್ನೊಂದರ ತ್ರಿಕೋನವನ್ನು ಸರಿಯಾಗಿ ಅಂಟಿಸಿದರೆ ಹೊರಗೆ ಎಷ್ಟು ಮುಖ ಕಾಣುತ್ತವೆ? ಐದು ಮತ್ತು ನಾಲ್ಕು ಒಂಬತ್ತು, ಅಂಟಿಕೊಂಡ ಎರಡನ್ನು ಕಳೆದರೆ ಏಳು ಎಂಬುದು ಸಂಸ್ಥೆಯ ಉತ್ತರ. ಫ್ಲಾರಿಡಾದ 17 ವರ್ಷದ ಹುಡುಗನೊಬ್ಬ ಐದು ಎಂದು ಬರೆದಿದ್ದ. ಪ್ರಶ್ನೆ ಮತ್ತು ಉತ್ತರಗಳು ಕೈಗೆ ಬಂದಾಗ ತನ್ನ ಉತ್ತರ ತಪ್ಪೆಂದು ಗುರುತಾಗಿದ್ದನ್ನು ಕಂಡು ಅವನು ಸುಮ್ಮನಾಗಲಿಲ್ಲ. ಮಾದರಿ ಮಾಡಿ ಪರೀಕ್ಷಿಸಿದ. ಅಂಟಿಸಿದಾಗ ಎರಡು ಕಡೆ ಅಕ್ಕಪಕ್ಕದ ತ್ರಿಕೋನಗಳು ಒಂದೇ ಸಮತಲದಲ್ಲಿ ಕೂಡಿ ಒಂದೊಂದು ಮುಖವಾಗುತ್ತವೆ. ಏಳರಲ್ಲಿ ಎರಡು ಕಳೆದು ಐದೇ ಸರಿ. ಸಂಸ್ಥೆ ತಪ್ಪೊಪ್ಪಿಕೊಂಡು ಸುಮಾರು 2,40,000 ವಿದ್ಯಾರ್ಥಿಗಳ ಅಂಕ ತಿದ್ದಬೇಕಾಯಿತು. ಪತ್ರಿಕೆ ಬೀಗದೊಳಗೇ ಇದ್ದಿದ್ದರೆ ಆ ಹುಡುಗನ ಉತ್ತರ ತಪ್ಪಾಗಿಯೇ ಉಳಿಯುತ್ತಿತ್ತು.

ಹೀಗೆ ಹಳೆಯ ಪರೀಕ್ಷೆಗಳು ಹೊರಬಂದವು. 1990ರ ದಶಕದ ನಡುವಿನಲ್ಲಿ ಇಟಿಎಸ್ ತಾನೇ 27 ಹಳೆಯ ಜಿಆರ್‌ಇ ಪರೀಕ್ಷೆಗಳನ್ನು ಒಂದೇ ಸಂಪುಟದಲ್ಲಿ ಅಚ್ಚು ಹಾಕಿಸಿತು. ವಿದ್ಯಾರ್ಥಿಗಳ ಬಾಯಲ್ಲಿ ಅದು 'ಬಿಗ್ ಬುಕ್'. ಮುದ್ರಣ ನಿಂತ ಮೇಲೂ ಅದರ ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ದಾಟಿದವು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಗೈಡುಗಳ ಪಕ್ಕದಲ್ಲೇ ದಪ್ಪ ದಪ್ಪ ಜಿಆರ್‌ಇ ಪುಸ್ತಕಗಳಿಗೂ ಜಾಗವಿತ್ತು. ಕೊಂಡವರು ಮೊದಲು ಮಾಡುತ್ತಿದ್ದ ಕೆಲಸ, ಹಿಂದಿನ ಯಜಮಾನ ಪೆನ್ಸಿಲಿನಿಂದ ಹಾಕಿದ ಗುರುತುಗಳನ್ನು ರಬ್ಬರಿನಿಂದ ಅಳಿಸುವುದು.

ಆದರೆ ಅಷ್ಟರಲ್ಲಿ ಪರೀಕ್ಷೆಯೇ ಬದಲಾಗಿತ್ತು. 1993ರಲ್ಲಿ ಜಿಆರ್‌ಇ ಕಂಪ್ಯೂಟರಿನ ಹೊಸ ರೂಪ ತಾಳಿತು. ಮೊದಲ ಪ್ರಶ್ನೆ ಮಧ್ಯಮ ಮಟ್ಟದ್ದು. ಸರಿಯುತ್ತರ ಕೊಟ್ಟರೆ ಮುಂದಿನದು ಕಷ್ಟದ್ದು, ತಪ್ಪಿದರೆ ಸುಲಭದ್ದು. ಬಿಟ್ಟು ಮುಂದೆ ಹೋಗುವಂತಿಲ್ಲ, ಹಿಂದಕ್ಕೆ ಬಂದು ತಿದ್ದುವಂತಿಲ್ಲ. ಸುಲಭವಾದದ್ದನ್ನೆಲ್ಲ ಮೊದಲು ಮುಗಿಸಿ ಕಷ್ಟದ್ದಕ್ಕೆ ಆಮೇಲೆ ಬರುವ, ನಮ್ಮ ಮೇಷ್ಟ್ರುಗಳು ತಲೆತಲಾಂತರದಿಂದ ಕಲಿಸಿದ ಉಪಾಯ ಇಲ್ಲಿ ನಡೆಯುವುದಿಲ್ಲ. ಪುಸ್ತಕದಲ್ಲಿ ಮಾಡಿದ ಅಭ್ಯಾಸಕ್ಕೂ ಪರೀಕ್ಷಾ ಕೊಠಡಿಯ ಅನುಭವಕ್ಕೂ ಸಂಬಂಧ ಕಡಿಮೆಯಾಯಿತು. ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡುವ ಅಗತ್ಯ ಹುಟ್ಟಿದ್ದು ಇಲ್ಲಿ.

ಇನ್ನೊಂದು ತೊಡಕೂ ಹುಟ್ಟಿತು. ಕಾಗದದ ಪರೀಕ್ಷೆ ಎಲ್ಲರಿಗೂ ಒಂದೇ ದಿನ ಮುಗಿಯುತ್ತಿತ್ತು. ಕಂಪ್ಯೂಟರಿನಲ್ಲಾದರೋ ಇಂದು ಒಬ್ಬ, ಮುಂದಿನ ವಾರ ಇನ್ನೊಬ್ಬ. ಪ್ರಶ್ನೆಗಳು ಮಾತ್ರ ಒಂದೇ ಕಣಜದಿಂದ ಬರಬೇಕು. ಕಣಜ ಎಷ್ಟು ದೊಡ್ಡದು? 1994ರ ಕೊನೆಗೆ ಕ್ಯಾಪ್ಲನ್ ಹೆಸರಿನ ಕಂಪನಿ ಸುಮಾರು ಇಪ್ಪತ್ತು ಮಂದಿ ಸಿಬ್ಬಂದಿಯನ್ನು ಪರೀಕ್ಷೆಗೆ ಕೂರಿಸಿತು. ಅವರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬಂದು ಜೋಡಿಸಿ ನೋಡಿದರೆ, ಅವೇ ಅವೇ ಪ್ರಶ್ನೆಗಳು ಮರುಕಳಿಸಿದ್ದವು. ಕಣಜ ಸಣ್ಣದೆಂದು ಸಾಬೀತಾಯಿತು. ದೋಷ ತೋರಿಸಿದ್ದೇವೆ ಎಂದು ಕಂಪನಿ ಆ ಪ್ರಶ್ನೆಗಳನ್ನು ಇಟಿಎಸ್ ಮುಂದಿಟ್ಟಿತು. ಇಟಿಎಸ್ ಕೆಲದಿನ ಪರೀಕ್ಷೆ ನಿಲ್ಲಿಸಿತು, ವರ್ಷ ಮುಗಿಯುವುದರೊಳಗೆ ಕಂಪನಿಯ ಮೇಲೆ ದಾವೆ ಹೂಡಿತು. ಮುಂದೆ ಇಬ್ಬರೂ ರಾಜಿಯಾದರು. ಊಟದ ಕೂಟದಲ್ಲಿ ನಡೆದಾಗ ಜಾಣತನವೆನಿಸಿಕೊಂಡದ್ದು ಈಗ ನ್ಯಾಯಾಲಯದ ಮೆಟ್ಟಿಲೇರಿತ್ತು.

ನೆನಪಿನ ಈ ವ್ಯಾಪಾರಕ್ಕೆ ಅಂತರ್ಜಾಲ ಸಿಕ್ಕಿದಾಗ ಅದು ದೇಶ ದಾಟಿತು. ಚೀನಾ, ತೈವಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಪರೀಕ್ಷೆ ಮುಗಿಸಿ ಬಂದವರು ನೆನಪಾದಷ್ಟನ್ನು ಬರೆದು ಹಾಕತೊಡಗಿದರು. ಮರುದಿನ ಹೋಗುವವರು ಓದಿಕೊಂಡು ಹೋಗುತ್ತಿದ್ದರು. ಚೀನಾದವರ ಇಂಗ್ಲಿಷ್ ಭಾಷಾ ಅಂಕಗಳ ಸರಾಸರಿ 100ರಷ್ಟು ಏರಿತು. ಆಗ ಗರಿಷ್ಠ ಅಂಕ 800. 2002ರಲ್ಲಿ ಇಟಿಎಸ್ ಆ ದೇಶಗಳಲ್ಲಿ ಕಂಪ್ಯೂಟರ್ ಪರೀಕ್ಷೆ ಕೈಬಿಟ್ಟು ಕಾಗದ ಪೆನ್ಸಿಲಿಗೆ ಮರಳಿತು. ಪಟ್ಟಿಯಲ್ಲಿ ಭಾರತವಿರಲಿಲ್ಲ. ಕದ್ದು ಓದಿದವರ ಜತೆಗೆ, ಯಾವ ಪಾಪವೂ ಅರಿಯದೆ ನಿಘಂಟು ಉರುಹೊಡೆದಿದ್ದವರೂ ನಿಗದಿತ ದಿನಗಳಿಗಾಗಿ ಕಾಯಬೇಕಾಯಿತು. ಅವರ ಅಂಕಗಳ ಮೇಲೂ ಅನುಮಾನದ ನೆರಳು ಬಿತ್ತು.

ಬೀಜಿಂಗ್‌ನಲ್ಲಿ ಇನ್ನೊಂದು ಮೊಕದ್ದಮೆ ನಡೆಯುತ್ತಿತ್ತು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಯು ಮಿನ್‌ಹಾಂಗ್ 1993ರಲ್ಲಿ ಸ್ಥಾಪಿಸಿದ 'ನ್ಯೂ ಓರಿಯೆಂಟಲ್' ಎಂಬ ತರಬೇತಿ ಶಾಲೆ ಅಲ್ಲಿ ಮನೆಮಾತಾಗಿತ್ತು. ಅನುಮತಿಯಿಲ್ಲದೆ ಪ್ರಶ್ನೆಪತ್ರಿಕೆಗಳನ್ನು ಅಚ್ಚು ಹಾಕಿಸಿ ಮಾರಿತೆಂದು ಇಟಿಎಸ್ ದೂರಿತು. 2003ರಲ್ಲಿ ನ್ಯಾಯಾಲಯ ಒಂದು ಕೋಟಿ ಯುವಾನ್‌ಗೂ ಹೆಚ್ಚು ಪರಿಹಾರ ಕೊಡಿಸಿತು, ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ಸುಮಾರು 64 ಲಕ್ಷಕ್ಕೆ ಇಳಿಸಿತು. ಶಾಲೆಗೇನೂ ದೊಡ್ಡ ಪೆಟ್ಟು ಬೀಳಲಿಲ್ಲ. 2006ರಲ್ಲಿ ಅದರ ಷೇರುಗಳು ನ್ಯೂಯಾರ್ಕ್ ಷೇರುಪೇಟೆಗೇ ಬಂದವು.

ಪೆಟ್ಟು ಬೀಳುವುದು ಹೆಚ್ಚಾಗಿ ವಿದ್ಯಾರ್ಥಿಗೆ. ವ್ಯವಹಾರಾಡಳಿತ ಶಿಕ್ಷಣದ ಪ್ರವೇಶಕ್ಕೆ ಜಿಮ್ಯಾಟ್ ಎಂಬ ಪರೀಕ್ಷೆಯಿದೆ. ಚಾಲ್ತಿಯಲ್ಲಿದ್ದ ಅದರ ಪ್ರಶ್ನೆಗಳನ್ನು ಹಣಕ್ಕೆ ಒದಗಿಸುತ್ತಿದ್ದ 'ಸ್ಕೋರ್‌ಟಾಪ್' ಎಂಬ ತಾಣದ ವಿರುದ್ಧ 2008ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು. ತಾಣ ಮುಚ್ಚಿತು. ಅಷ್ಟಕ್ಕೇ ನಿಲ್ಲದೆ 84 ಮಂದಿಯ ಅಂಕಗಳು ರದ್ದಾದವು. ಪ್ರಶ್ನೆ ಬರೆದು ಹಾಕಿದವರಷ್ಟೇ ಅಲ್ಲ, 'ಇಲ್ಲಿ ಓದಿದ್ದೇ ಪರೀಕ್ಷೆಯಲ್ಲೂ ಬಂತು' ಎಂದು ಸಂತೋಷದಿಂದ ಬರೆದವರೂ ಅವರಲ್ಲಿದ್ದರು. ಅಭ್ಯಾಸಕ್ಕೆಂದು ದುಡ್ಡು ಕಟ್ಟಿದವರಿಗೆ ಯಾವುದು ಮಾದರಿ ಪ್ರಶ್ನೆ, ಯಾವುದು ಕದ್ದ ಪ್ರಶ್ನೆ ಎಂದು ಹೊರಗಿನಿಂದ ತಿಳಿಯುವುದು ಸುಲಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಅದಿರಲಿ, ಅಭ್ಯಾಸ ಪರೀಕ್ಷೆ ಎಂದರೆ ಪ್ರಶ್ನೆ ಕದಿಯುವ ಆಟವೇನಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಪಾಠವೊಂದನ್ನು ಓದಿಸಿ, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು, ಕೆಲವರಿಗೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರದ ಮೇಲೆ ಕೇಳಿದಾಗ ಬರೆದವರು ಮುಂದು.

2011ರಲ್ಲಿ ಜಿಆರ್‌ಇ ಮತ್ತೆ ಬದಲಾಯಿತು. ಈಗ ಒಂದೊಂದು ಪ್ರಶ್ನೆಗೂ ಕಂಪ್ಯೂಟರ್ ಹಾದಿ ಬದಲಿಸುವುದಿಲ್ಲ. ಮೊದಲ ಭಾಗ ಹೇಗೆ ಮಾಡಿದ್ದಾರೆಂದು ನೋಡಿ ಎರಡನೆಯ ಭಾಗದ ಮಟ್ಟ ನಿಗದಿಯಾಗುತ್ತದೆ. ಭಾಗದೊಳಗೆ ಹಿಂದೆ ಮುಂದೆ ಓಡಾಡಬಹುದು, ಉತ್ತರ ತಿದ್ದಬಹುದು. ಮೇಷ್ಟ್ರ ಹಳೆಯ ಉಪಾಯಕ್ಕೆ ಮರುಜೀವ ಬಂತು. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯ ಅವಧಿಯೂ 1 ಗಂಟೆ 58 ನಿಮಿಷಕ್ಕೆ ಇಳಿಯಿತು. ಇಟಿಎಸ್‌ನ ಪುಕ್ಕಟೆ ಅಭ್ಯಾಸ ಪರೀಕ್ಷೆಗಳು ಇದೇ ಅಚ್ಚಿನವು. ಪ್ರಶ್ನೆಯ ಒಡೆಯನೇ ಅವನ್ನು ಕೊಡುವುದರಿಂದ ಕಳವಿನ ಭಯವಿಲ್ಲ. ಇರುವ ಕಷ್ಟ ಒಂದೇ. ಒಮ್ಮೆ ಬರೆದ ಪರೀಕ್ಷೆಯನ್ನು ಮತ್ತೆ ಬರೆದರೆ ಅಂಕದಲ್ಲಿ ನೆನಪಿನ ಪಾಲು ಸೇರಿಕೊಳ್ಳುತ್ತದೆ. ಅದಕ್ಕೇ ಬಲ್ಲವರು ಒಂದನ್ನು ಓದು ಶುರುಮಾಡುವಾಗ ಬರೆದು, ಇನ್ನೊಂದನ್ನು ಮುಟ್ಟದೆ ಪರೀಕ್ಷೆಗೆ ವಾರವಿರುವವರೆಗೆ ತೆಗೆದಿಡುತ್ತಾರೆ.