ಚದುರಿದ ಮುತ್ತುಗಳೂ ಕರ್ಣನ ಮನಸ್ಸೂ

ಝರಾಸಂಗಂ ಸೀಮೆಯ ಕನ್ನಡಿಗರಾದ ನಮಗೆ ಪಂಪನು ದೂರದ ಕವಿಯಲ್ಲ. ಆತನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿಯ ವೇಮುಲವಾಡವು ಇಂದು ತೆಲಂಗಾಣದಲ್ಲಿದೆ. ತಮ್ಮನಾದ ಜಿನವಲ್ಲಭನು ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಬರೆಸಿದ ಶಾಸನವು ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯ ಮೇಲಿದೆ.

941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ತನ್ನ ಒಡೆಯನನ್ನು ಅರ್ಜುನನಿಗೆ ಸಮೀಕರಿಸಿದನು. ಆದರೆ ಓದುಗರ ಕಂಬನಿ ಹರಿದುದು ಕರ್ಣನಿಗಾಗಿ.

ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ಪಾಂಡವಪಕ್ಷಕ್ಕೆ ಕರೆದಾಗ ಕರ್ಣನು ಏಕೆ ಒಪ್ಪಲಿಲ್ಲ? ಉಪ್ಪಿನ ಋಣವೆಂಬುದು ರೂಢಿಯ ಉತ್ತರ. ಪಂಪನ ಕರ್ಣನಾದರೋ ಒಂದು ಪಗಡೆಯಾಟವನ್ನು ನೆನೆಯುತ್ತಾನೆ. ದುರ್ಯೋಧನನ ರಾಣಿ ಭಾನುಮತಿ ಸೋತಳು. ಪಣಕ್ಕಾಗಿ ಕಾಡುವಾಗ ಹಾರ ಹರಿದು ಮುತ್ತುಗಳು ಚದುರಿದವು. ದುರ್ಯೋಧನನು ಬೇಸರವಿಲ್ಲದೆ, ಆಯ್ದುಕೊಡಲೇ ಎಂದು ಕೇಳಿದನು.

ರಾಣಿಯೊಡನೆ ಆಡಿದವರಾರು? ಪದ್ಯದಲ್ಲಿ ಕರ್ತೃಪದ ಸ್ಪಷ್ಟವಿಲ್ಲದುದರಿಂದ ವಿದ್ವಾಂಸರಲ್ಲಿ ದೀರ್ಘ ವಾದವೇ ನಡೆದಿದೆ. ಆಟವು ದಂಪತಿಗಳದೆಂದು ಕೆಲವರು, ಕರ್ಣ ಭಾನುಮತಿಯರದೆಂದು ಕೆಲವರು. ಅಂತಃಪುರದ ಸರಸವನ್ನು ಕಾಣುವಷ್ಟು ಸಲುಗೆ ಕರ್ಣನಿಗಿತ್ತೆಂಬ ಮೊದಲ ಅರ್ಥವೂ ಹಗುರವಾದುದಲ್ಲ. ಆದರೂ ನಮ್ಮ ಒಲವು ಎರಡನೆಯದರತ್ತ. ನೋಡುತ್ತ ನಿಂತವನ ಮೇಲೆ ಸಂಶಯಪಡಲು ಏನಿದೆ? ಸೂತಪುತ್ರನೆಂದು ತುಂಬಿದ ಸಭೆಯಲ್ಲಿ ಹಳಿಸಿಕೊಂಡವನ ಕೈಯಲ್ಲಿ ರಾಣಿಯ ಹಾರ ಹರಿದಾಗಲೂ ದುರ್ಯೋಧನನ ಕಣ್ಣು ಕೆಂಪಾಗಲಿಲ್ಲ. ಅಂಥ ನಂಬುಗೆಯ ಮುಂದೆ ಕೃಷ್ಣನು ತೋರಿದ ರಾಜ್ಯ ಕರ್ಣನಿಗೆ ಕಿರಿದಾಗಿ ಕಂಡಿರಬೇಕು.

ಬಳಿಕ ಕುಂತಿಯೇ ಬಂದು ಬೇಡಿದಳು. ಅರ್ಜುನನ ಹೊರತು ಉಳಿದ ಮಕ್ಕಳನ್ನು ಕೊಲ್ಲೆನೆಂದು ಮಾತು ಕೊಟ್ಟನೇ ಹೊರತು ಕರ್ಣನು ದುರ್ಯೋಧನನ ಪಕ್ಷವನ್ನು ಬಿಡಲಿಲ್ಲ.